ಹಮ್ಮು ಗೌಡನ ಸಿಂಗಳೀಕಗಳು

ಕತಗಾಲದ ಮೇಲಿನ ಕಾಡಿನಲ್ಲಿ ಉಪ್ಪಾಗೆ ಹಣ್ಣು ಹೆಕ್ಕಿ, ಸಿಪ್ಪೆ ಒಣಗಿಸಿ ಮಾರುವ ಹಮ್ಮು ಗೌಡನ ಕಣ್ಣಿಗೆ, ಕೊರಳಲ್ಲಿ ದುರ್ಬೀನು ನೇತುಹಾಕಿಕೊಂಡು ಬಂದವರೆಲ್ಲ ಕಾಡಿಗೆ ಬೇಲಿ ಹಾಕುವವರೇ. ಅಪರೂಪದ ಸಿಂಗಳೀಕ ಕೋತಿಗಳಿವೆಯೆಂದು ಗೊತ್ತಾದರೆ ತನ್ನನ್ನು ಒಳಗೆ ಬಿಡಲಾರರೆಂದು ಅವನ ಗುಮಾನಿ. ನೆತ್ತಿಯ ಮೇಲೆ ಹದಿನಾಲ್ಕರ ಹಿಂಡೇ ಕೂಗುತ್ತಿದ್ದರೂ, “ಸಿಂಗಳೀಕವಾ? ಎಂತದೂ ಇಲ್ಲ ಮಾರಾಯ್ರೆ, ಅದು ಹಕ್ಕಿ” ಎನ್ನುತ್ತಿದ್ದ. ಬೀಡಿ ಕೊಟ್ಟರೂ ಅದೇ ಮಾತು, ಚಾ ಕುಡಿಸಿದರೂ ಅದೇ. ಹೆಂಡತಿ ಹೊನ್ನಮ್ಮ ಕೇಳಿದರೂ, ಅವಳನ್ನು ಯಾರು ಕಳಿಸಿದರೋ ಎಂದು ಅನುಮಾನಿಸಿ ಅದನ್ನೇ ಹೇಳುತ್ತಿದ್ದ. ಸಿಂಗಳೀಕಗಳು ದಾಟಿ ಬರುತ್ತಿದ್ದ ಆಚೆ ಗುಡ್ಡದ ಮರ ಕಡಿದು ಅಕೇಶಿಯಾ ನೆಟ್ಟ ಮೇಲೆ, ಎರಡು ವರ್ಷದಿಂದ ಹಿಂಡು ಬಂದಿಲ್ಲ. ಮೊನ್ನೆ ದುರ್ಬೀನಿನ ಹುಡುಗಿಯೊಬ್ಬಳು ಅದೇ ಪ್ರಶ್ನೆ ಕೇಳಿದಳು. ಈಗ ನಿಜವೇ ಆಗಿದ್ದ “ಇಲ್ಲ” ಅವನ ಬಾಯಿಂದ ಹೊರಡಲಿಲ್ಲ. “ಅವೆ ತಂಗಿ, ಹದಿನಾಲ್ಕು. ಕೂತ್ಕೊ, ಬತ್ತವೆ” ಎಂದು ತಾನೂ ಮರದ ತುದಿ ನೋಡುತ್ತ ಕೂತ.