ಓಸ್ಲೊ ಟೌನ್ ಹಾಲೂ ಶೀನನ ಮೀಸೆಯೂ

ನಾನು ನಾರ್ವೆಗೆ ಹೋದವನಲ್ಲ. ಆದರೂ ಓಸ್ಲೊ ಟೌನ್ ಹಾಲ್ ಬಗ್ಗೆ ನನ್ನಷ್ಟು ಧೈರ್ಯವಾಗಿ ಮಾತಾಡುವ ಗಂಡಸು ಇಡೀ ಮಸ್ಕತ್‌ನಲ್ಲಿ ಇನ್ನೊಬ್ಬನಿರಲಿಲ್ಲ. ಎಲ್ಲ ನಮ್ಮ ಕಟ್ಟಡ ಕಂಪನಿಯ ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಒಂದು ಚಿತ್ರಪುಸ್ತಕದ ಪ್ರಸಾದ. ಎರಡು ಚೌಕ ಇಟ್ಟಿಗೆ ಗೋಪುರಗಳು. ಮೈಸೂರಿನವನಾದ ನನ್ನ ಕಣ್ಣಿಗೆ ನೆಟ್ಟಗೆ ನಿಲ್ಲಿಸಿದ ಮೈಸೂರ್ ಪಾಕು. ಒಳಗೆ ಗೋಡೆ ತುಂಬ ಬಣ್ಣದ ಚಿತ್ರ. ಹೊರಗೆ, ಕಡಲಿನ ಕಡೆ, ವಿಗ್ರಹಗಳಾಗಿ ನಿಂತವರು ರಾಜರಲ್ಲ, ಆ ಕಟ್ಟಡ ಕಟ್ಟಿದ ಕೆಲಸಗಾರರು.

ಪುಸ್ತಕವನ್ನು ಮಸ್ಕತ್ ಹತ್ತಿರದ ಬರ್ಕಾದಲ್ಲಿ ನಾವು ಕಟ್ಟುತ್ತಿದ್ದ ಸಭಾಂಗಣದ ಸೈಟಿಗೆ ಒಯ್ದು ಶೀನನಿಗೆ ತೋರಿಸಿದೆ. ಕಾರ್ಕಳದ ಕಡೆಯವನು, ಗಾರೆಯಲ್ಲಿ ಹೂಬಳ್ಳಿ ಅರಳಿಸುವ ಮೇಸ್ತ್ರಿ.

"ಇವ್ರು ಯಾವ ದೇವ್ರು ರಾಯರೇ?"

"ದೇವ್ರಲ್ಲ ಕಣಯ್ಯ, ನಿನ್ನಂಥ ಮೇಸ್ತ್ರಿಗಳು."

"ನಿಮ್ದೊಂದು ಕುಶಾಲು ಮಾರಾಯ್ರೆ!" ಅಂದ. ಪುಸ್ತಕ ಮಾತ್ರ ಕೈಬಿಡಲಿಲ್ಲ.

ಮದುವೆಮನೆಯಲ್ಲಿ ಬೀಗರೆಲ್ಲರ ಎಡಗಾಲಿನ ಚಪ್ಪಲಿ ಮಾತ್ರ ಬಚ್ಚಿಟ್ಟ ಖ್ಯಾತಿ ನನ್ನದು, ಸುಮ್ಮನಿರಲಾದೀತೇ? ಸೈಟಿನ ಧರ್ಮ ಒಂದೇ: ನಕ್ಷೆಯಲ್ಲಿದ್ದರೆ ಕಟ್ಟು, ಮೊಹರಿದ್ದರೆ ಪ್ರಶ್ನೆ ಕೇಳಬೇಡ. ನಕ್ಷೆ ಬರೆಯುವವನು ನಾನೇ. ಸಭಾಂಗಣದ ಬಾಗಿಲ ಮೇಲಿನ ಬಳ್ಳಿಯ ನಡುವೆ ಅಂಗೈಯಗಲದ ಮುಖವೊಂದನ್ನು ಶೀನನ ಪೊದೆಮೀಸೆ ಸಮೇತ ಬರೆದು, ಮೊಹರೊತ್ತಿ ಕಳಿಸಿದೆ. ಕೆಲಸ ಶುರುವಾಗುವ ಮೊದಲು ಹೋಗಿ, ನಕ್ಕು, ನಕ್ಷೆ ವಾಪಸು ತರುವುದೆಂದು ನನ್ನ ಲೆಕ್ಕ. ಪುಣ್ಯಾತ್ಮ ಒಂದೇ ದಿನದಲ್ಲಿ ಮುಗಿಸಿಬಿಟ್ಟಿದ್ದ. ಚೆನ್ನಾಗಿ ಬೇರೆ ಬಂದಿತ್ತು.

ಮರುದಿನ ಬೆಳಿಗ್ಗೆ ನಾನೂ ಸೈಟಿನಲ್ಲಿದ್ದಾಗ ಕಟ್ಟಡದ ಮಾಲೀಕರ ಜೊತೆ ನಮ್ಮ ಎಂಜಿನಿಯರ್ ಬಂದರು, ಬೆಂಗಳೂರಿನವರು. ಮೇಲೆ ನೋಡಿ ಮಾಲೀಕರು ಮುಖ ಗಂಟಿಕ್ಕಿದರು. ಎಂಜಿನಿಯರ್ ಶೀನನತ್ತ ತಿರುಗಿದರು.

"ಯಾರೋ ಇದನ್ನ ಮಾಡು ಅಂದಿದ್ದು? ಡ್ರಾಯಿಂಗ್ ತೋರ್ಸು!"

ನಕ್ಷೆ ಶೀನನ ಜೇಬಿನಲ್ಲೇ ಇತ್ತು. ಅದರ ಮಡಿಕೆಯ ಅಂಚು ನನಗೆ ಕಾಣುತ್ತಿತ್ತು. ಅವನು ನನ್ನನ್ನೊಮ್ಮೆ ನೋಡಿದ.

"ಡ್ರಾಯಿಂಗಲ್ಲಿ ಇಲ್ಲ ಸಾರ್. ನಾನೇ ಮಾಡಿದ್ದು."

ಊರಿಗೆಲ್ಲ ಬಾಯಿಯಾದ ನಾನು ನನ್ನ ಬೂಟು ನೋಡುತ್ತ ನಿಂತೆ.

"ಖಲಾಸ್. ಇವನ ವೀಸಾ ಕ್ಯಾನ್ಸಲ್ ಮಾಡ್ಸಿ," ಅಂದರು ಎಂಜಿನಿಯರ್.

ಮುಖವನ್ನು ಶೀನನ ಕೈಯಿಂದಲೇ ಕೆತ್ತಿ ತೆಗೆಸಿದರು. ಊರಿಗೆ ಹೊರಟ ದಿನ ಅವನು ಆ ನಕ್ಷೆಯನ್ನು ನನ್ನ ಕೈಗಿಟ್ಟ. "ನಿಮ್ಮ ಮಕ್ಳು ಇಲ್ಲೇ ಶಾಲೆಗೆ ಹೋಗ್ತಾರಲ್ಲ ರಾಯರೇ. ಹರ್ದು ಬಿಸಾಡಿ."

ಹರಿದಿಲ್ಲ. ಚೌಕಟ್ಟು ಹಾಕಿಸುವ ಧೈರ್ಯವೂ ಬಂದಿಲ್ಲ. ಈಗಲೂ ಯಾರಾದರೂ ಕೇಳಿದರೆ ಓಸ್ಲೊದ ಗೋಪುರ ಹತ್ತಿಸುತ್ತೇನೆ, ಒಳಗೋಡೆಯ ಬಣ್ಣ ತೋರಿಸುತ್ತೇನೆ. ಕಡಲಿನ ಕಡೆಗೆ ಮಾತ್ರ ಕರೆದೊಯ್ಯುವುದಿಲ್ಲ. ಅಲ್ಲಿ ನಿಂತವರೆಲ್ಲ ಮೇಸ್ತ್ರಿಗಳು. ನನ್ನ ಗುರುತು ಹಿಡಿದುಬಿಟ್ಟಾರು.