ಅಂಗಡಿ ಬಾಗಿಲಿನ ಹಲಗೆ

ಗೆಳೆಯರೇ, ಇವತ್ತು ನ್ಯಾಮತಿಯ ಹೊಸ ಕಾಂಪ್ಲೆಕ್ಸ್ ಮುಂದೆ ಜಗಳವಾಡಿ ಬಂದೆ. ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರಿನ ತುಂಬ ಬೈಕುಗಳು! ಕುರ್ಚಿಯಲ್ಲಿದ್ದ ನನ್ನ ಸೋದರತ್ತೆ ಕೆಳಗೇ ಉಳಿದಳು. ವಾಚ್‌ಮನ್‌ನನ್ನು ಕೇಳಿದರೆ, "ನೆಳ್ಳು ಐತಲ್ರೀ, ಎಲ್ರೂ ಇಲ್ಲೇ ನಿಲ್ಲಿಸ್ತಾರೆ" ಎಂದ.

ಅತ್ತೆ ನಕ್ಕಳು. "ಬಸಣ್ಣನ ಬಟ್ಟೆ ಅಂಗಡಿ ಇದ್ದಿದ್ದು ಇದೇ ಜಾಗದಾಗೆ ಕಣೋ."

ಎಂಬತ್ತರ ದಶಕದಲ್ಲಿ ಅತ್ತೆ ಅಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬೆಳಿಗ್ಗೆ ಬಸಣ್ಣ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಕಳಚಿ, ಎರಡನ್ನು ಮೆಟ್ಟಿಲಿಗೆ ಒರಗಿಸಿ, ಅವಳು ಕೂತ ಗಾಲಿಗಾಡಿ ಹತ್ತಿಸುತ್ತಿದ್ದ; ಆ ಎರಡು ಹಲಗೆ ಸಂಜೆವರೆಗೂ ಅಲ್ಲೇ ಇರುತ್ತಿದ್ದವು. ಸಂಜೆ, "ಅಕ್ಕಾ, ನೀನು ಇಳಿದ್ರೇನೇ ಅಂಗಡಿ ಮುಚ್ಚಾಕೆ ಆಗೋದು" ಎನ್ನುತ್ತಿದ್ದ.

ಇಳಿಜಾರು ಕಟ್ಟಲೇಬೇಕೆಂದು ಆಗ ಯಾರೂ ಹೇಳಿರಲಿಲ್ಲ. ಆದರೆ ಅತ್ತೆ ಒಳಗಿರುವವರೆಗೆ ಆ ಅಂಗಡಿಗೆ ಬಾಗಿಲೇ ಇರುತ್ತಿರಲಿಲ್ಲ.