ಪಕ್ಕದ ಮನೆಯ ರಾಜ್ಯಪಾಲರು

ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿ ನನ್ನ ಆಫೀಸಿನ ಹಿಂದೆ ಒಂದು ಪುಟ್ಟ ತಿಂಡಿ ಅಂಗಡಿಯಿದೆ. ಅದರ ಬಾಗಿಲು ತೆರೆದಾಗಲೆಲ್ಲ ಕಾದ ಕಾವಲಿಯ ಮೇಲೆ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟು ಬೇಯುವ ವಾಸನೆ ಹೊರಗೆ ಬರುತ್ತದೆ. ಅರ್ಧ ಹುರಿದ ರಾಗಿಯಂತೆ, ಅರ್ಧ ಒದ್ದೆ ಮಣ್ಣಿನಂತೆ, ಕೊನೆಗೆ ಗಂಟಲಲ್ಲಿ ಸ್ವಲ್ಪ ಒಗರು ಉಳಿಸುವ ವಾಸನೆ. ಅದಕ್ಕೆ ಸಿಕ್ಕಿ ಪಾರ್ಕಿಂಗ್ ಲಾಟಿನಲ್ಲೇ ನಿಂತುಬಿಟ್ಟು ಎಷ್ಟೋ ಮೀಟಿಂಗುಗಳಿಗೆ ತಡವಾಗಿ ಹೋಗಿದ್ದೇನೆ. ನಿಮಗೂ ಹೀಗೆ ಕಾಲು ಕಟ್ಟಿಹಾಕುವ ವಾಸನೆ ಒಂದಾದರೂ ಇದ್ದೇ ಇರುತ್ತದೆ, ನಗಬೇಡಿ. ನನ್ನ ಮೂಗಿಗೆ ಇದು ನಾನು ಬೆಳೆದ ಊರು ಟೊರೆನ್ಸಿನ ಎರಡು ಅಕ್ಕಪಕ್ಕದ ಮನೆಗಳ ವಾಸನೆ. ಎರಡೂ ಮನೆಗಳಿಗೆ ಈಗ ಬೇರೆ ಯಾರೋ ಬೇರೆ ಬಣ್ಣ ಬಳಿಸಿದ್ದಾರೆ. ನಡುವಿನ ಗಿಡ್ಡ ಬೇಲಿಯನ್ನು ಕಿತ್ತು ಆಳೆತ್ತರದ ಗೋಡೆ ಕಟ್ಟಿಸಿದ್ದಾರೆ.

ಆ ಬೇಲಿಯ ಆಚೆ ಇದ್ದವರು ತೆಯೋ. ಕೆನಡಾದ ಪೂರ್ವ ಕರಾವಳಿಯಿಂದ ಬಂದು ಮಗಳು ರೋಸಲಿಯ ಮನೆಯಲ್ಲಿದ್ದ ಎತ್ತರದ, ಬಾಗಿದ ಬೆನ್ನಿನ ಮುದುಕರು. ಭಾನುವಾರ ಬೆಳಿಗ್ಗೆ ಅವರು ತಮ್ಮೂರಿನ ಪ್ಲೋಯ್ ಎಂಬ ಬಕ್‌ವೀಟ್ ದೋಸೆ ಹುಯ್ಯುತ್ತಿದ್ದರು. ಒಂದೇ ಬದಿ ಬೇಯಬೇಕು, ಮೈತುಂಬ ತೂತು ಬೀಳಬೇಕು, ಮಗುಚಿ ಹಾಕಿದರೆ ಮಹಾಪರಾಧ. ಅದರ ಮೇಲೆ ಅವರು ಕಾಕಂಬಿ ಸುರಿದುಕೊಳ್ಳುತ್ತಿದ್ದರು. ಬೇಲಿಯ ಈಚೆ ನಿಂತ ನನ್ನ ಅಜ್ಜ, ಅಂದರೆ ಅಪ್ಪನ ಅಪ್ಪ, ಅದೇ ದೋಸೆಗೆ ಶೇಂಗಾ ಚಟ್ನಿ, ಮೊಸರು ಹಚ್ಚಿ ತಿನ್ನುತ್ತಿದ್ದರು. ಅಜ್ಜ ಬೈಲಹೊಂಗಲದ ಕಡೆಯವರು. ಅಜ್ಜಿ ತೀರಿಕೊಂಡ ಮೇಲೆ, ನನಗೆ ಎಂಟು ವರ್ಷವಾಗಿದ್ದಾಗ, ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದರು. ಅವರಿಗೆ ಇಂಗ್ಲಿಷ್ ಬಾರದು. ತೆಯೋ ಎಂದು ಕರೆಯಲು ನಾಲಗೆ ಹೊರಳದೆ ಅವರನ್ನು ತೇಜಪ್ಪ ಮಾಡಿಕೊಂಡರು.

ಇಬ್ಬರ ಗೆಳೆತನ ಶುರುವಾದದ್ದು ಅದೇ ವರ್ಷದ ಸೆಪ್ಟೆಂಬರಿನ ಕೊನೆಯಲ್ಲಿ, ಅವಳಿ ಗೋಪುರಗಳು ಉರುಳಿದ ಎರಡು ವಾರಕ್ಕೆ. ಅಜ್ಜ ಧೋತರ ಉಟ್ಟು, ಬಿಳಿ ಟೋಪಿ ಇಟ್ಟು ಬೆಳಗಿನ ವಾಕಿಂಗಿಗೆ ಹೊರಟಾಗ ಯಾರೋ ಕಾರು ನಿಧಾನ ಮಾಡಿ ಕೆಟ್ಟದಾಗಿ ಕೂಗಿ ಹೋದರು. ಅಮ್ಮ ಹೆದರಿ ಪ್ಯಾಂಟು ಕೊಂಡು ತಂದರು. ಅಜ್ಜ ಅದನ್ನು ಮುಟ್ಟಲಿಲ್ಲ. "ಧೋತರ ಬಿಟ್ರ ನಾ ಯಾರು? ಒದರಾಂವ ಒದರ್ಲಿ" ಎಂದು ಮರುದಿನ ಇನ್ನಷ್ಟು ಬಿಳಿಯದನ್ನೇ ಉಟ್ಟರು. ಗೇಟಿನ ಹೊರಗೆ ತೆಯೋ ಊರುಗೋಲು ಹಿಡಿದು ನಿಂತಿದ್ದರು. ಅಜ್ಜನಿಗೂ ರಸ್ತೆಗೂ ನಡುವೆ ಬಂದು ಹೆಜ್ಜೆ ಹಾಕಿದರು. ಮುಂದೆ ಹತ್ತಿರ ಹತ್ತಿರ ಎರಡು ವರ್ಷ, ಮಳೆ ಬಂದ ನಾಲ್ಕು ದಿನ ಬಿಟ್ಟರೆ, ಅವರಿಬ್ಬರೂ ಹಾಗೆಯೇ ನಡೆದರು. ಒಬ್ಬರು ಕನ್ನಡದಲ್ಲಿ ಹೇಳುತ್ತಿದ್ದರು, ಇನ್ನೊಬ್ಬರು ಫ್ರೆಂಚಿನಲ್ಲಿ ಉತ್ತರಿಸುತ್ತಿದ್ದರು, ಮತ್ತು ಜಗಳವೇ ಆಗುತ್ತಿರಲಿಲ್ಲ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನನಗೆ ಇದು ನಗೆಪಾಟಲಿನಂತೆ ಕಾಣುತ್ತಿತ್ತು.

ಕೆಡುಕು ಬಂದದ್ದು ಗೌರವದ ರೂಪದಲ್ಲಿ. ತೆಯೋ ತಮ್ಮ ಪ್ರಾಂತ್ಯದಲ್ಲಿ ಇಪ್ಪತ್ತು ವರ್ಷ ಶಾಸಕರಾಗಿ, ಮಂತ್ರಿಯಾಗಿ, ಕೊನೆಗೆ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು ಎಂದು ರೋಸಲಿ ಅಮ್ಮನಿಗೆ ಮಾತಿನ ನಡುವೆ ಹೇಳಿದಳು. ಅಂದರೆ ರಾಣಿಯ ಹೆಸರಿನಲ್ಲಿ ಆ ಪ್ರಾಂತ್ಯದ ಗದ್ದುಗೆಯಲ್ಲಿ ಕೂರುವವರು, ನಮ್ಮ ರಾಜ್ಯಪಾಲರ ಹಾಗೆ. ಸುದ್ದಿ ಡೈಮಂಡ್ ಬಾರ್ ಎಂಬ ಊರಿನ ಮೂರ್ತಿ ಅಂಕಲ್ ಕಿವಿಗೆ ಬಿತ್ತು. ಟೆಲಿಕಾಂ ಎಂಜಿನಿಯರ್, ನಮ್ಮ ಕನ್ನಡ ಕೂಟದ ಆ ಸಾಲಿನ ಅಧ್ಯಕ್ಷರು. ಅಂದೇ ಡ್ರೈವ್ ಮಾಡಿಕೊಂಡು ಬಂದರು. "ಏನ್ ಮೇಡಂ ನೀವು, ಪಕ್ಕದಲ್ಲೇ ಗವರ್ನರ್ ಇಟ್ಕೊಂಡು ಹೇಳೇ ಇಲ್ವಲ್ಲ! ಆಗಸ್ಟ್ ಹದಿನೈದಕ್ಕೆ ಅವರೇ ಚೀಫ್ ಗೆಸ್ಟ್. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲಾ ಅರೇಂಜ್ ಮಾಡ್ತೀನಿ. ನಮ್ಮ ಅಜ್ಜಾವ್ರು ಫ್ರೀಡಂ ಫೈಟರ್ರು, ಅವರ ಕೈಲೇ ಸನ್ಮಾನ. ಬ್ರಿಟನ್ ರಾಣಿ ಪ್ರತಿನಿಧಿ ಅಂದ್ರೆ ಸುಮ್ನೇನಾ?" ಸ್ವಾತಂತ್ರ್ಯದ ದಿನ ಬ್ರಿಟನ್ ರಾಣಿಯ ಪ್ರತಿನಿಧಿಗೆ ಪೇಟ ತೊಡಿಸುವ ಯೋಚನೆ ನಮ್ಮ ಜನಕ್ಕಲ್ಲದೆ ಇನ್ನಾರಿಗೂ ಹೊಳೆಯುತ್ತಿರಲಿಲ್ಲ.

ಅಜ್ಜ ಹದಿನೇಳನೆಯ ವಯಸ್ಸಿನಲ್ಲಿ ಬ್ರಿಟಿಷರ ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲು ಕಂಡವರು. ಮೂರ್ತಿ ಅಂಕಲ್ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ರಾಣಿ ಆಳಿಗೆ ನಾ ಶಾಲು ಹೊದಿಸಂಗಿಲ್ಲ. ಅಂವ ಇಷ್ಟ ದಿನಾ ನನ್ನ ಜೋಡಿ ಅಡ್ಡಾಡಿದ್ದೂ ಸುಳ್ಳಾತು" ಎಂದು ಒಳಗೆ ಹೋದರು. ಮರುದಿನ ಹಿತ್ತಿಲ ಬಾಗಿಲಿನಿಂದ ಒಬ್ಬರೇ ವಾಕಿಂಗ್ ಹೋದರು. ತೆಯೋ ಗೇಟಿನ ಬಳಿ ಅರ್ಧ ಗಂಟೆ ನಿಂತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹೀಗೆ ಒಂಬತ್ತು ದಿನ. ಅಪ್ಪ ಎರಡು ಸಲ ತಿಳಿಹೇಳಲು ಹೋಗಿ ಬೈಸಿಕೊಂಡು ಬಂದರು. ಅಮ್ಮ ಕಾರಣವನ್ನು ರೋಸಲಿಗೆ ತಿಳಿಸಿದರು.

ಹತ್ತನೆಯ ದಿನ ಮಧ್ಯಾಹ್ನ ತೆಯೋ ಪ್ಲೋಯ್ ತಟ್ಟೆಯೊಂದಿಗೆ ನಮ್ಮ ವರಾಂಡಕ್ಕೆ ಬಂದು ಅಜ್ಜನ ಎದುರು ಕುಳಿತರು. ನನ್ನನ್ನು ನಡುವೆ ಕೂರಿಸಿಕೊಂಡರು. "ನಿನ್ನ ಅಜ್ಜನಿಗೆ ಹೇಳು, ನ್ಯಾಯಾಧೀಶರ ಹಾಗೆ ಕೇಳಲಿ. ನನ್ನ ಅಕ್ಕ ಕೇಳಲೇ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹತ್ತು ವರ್ಷದ ನಾನು, ಕನ್ನಡ ಮಾತಾಡಲು ನಾಚುತ್ತಿದ್ದವಳು, ಆ ಮಧ್ಯಾಹ್ನ ಎರಡು ಗಂಟೆ ಕನ್ನಡ ಮಾತಾಡಿದೆ. ತಪ್ಪು ಕನ್ನಡ, ಅರೆಬರೆ ಕನ್ನಡ. ಆದರೂ ಮಾತಾಡಿದೆ. ಅಜ್ಜ ಆಡಿದ ಒಂದೆರಡು ಬೈಗುಳಗಳನ್ನು ಮಾತ್ರ ನುಂಗಿಕೊಂಡೆ.

"ರಾಣಿ ಹೆಸರೀಲೆ ಆಣಿ ಮಾಡ್ಯಾನೋ ಇಲ್ಲೋ ಕೇಳು" ಎಂದರು ಅಜ್ಜ. ತೆಯೋ ಮಾಡಿದ್ದೇನೆ ಎಂದರು. ಅಕ್ಕ ಜೆರ್ಮೇನಳ ಆರೋಪವೂ ಅದೇ ಎಂದರು. ಅವರ ಜನ ಅಕೇಡಿಯನ್ನರು. ಉಪ್ಪುನೀರಿನ ಜೌಗಿಗೆ ಒಡ್ಡು ಕಟ್ಟಿ ಹೊಲ ಮಾಡಿಕೊಂಡಿದ್ದ ಫ್ರೆಂಚ್ ಒಕ್ಕಲು ಮಕ್ಕಳು. ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಇಂಗ್ಲಿಷ್ ರಾಜನಿಗೆ ಅವನು ಕೇಳಿದಂತೆ ಪ್ರಮಾಣ ಮಾಡಲೊಲ್ಲೆವು ಎಂದದ್ದಕ್ಕೆ ಅವರ ಮನೆಗಳನ್ನು ಸುಟ್ಟು, ಗಂಡನನ್ನು ಒಂದು ಹಡಗಿಗೆ, ಹೆಂಡತಿಯನ್ನು ಇನ್ನೊಂದಕ್ಕೆ ತುಂಬಿ ದಿಕ್ಕಾಪಾಲು ಮಾಡಿದರು. ಬದುಕಿದವರಲ್ಲಿ ಕೆಲವರು ಕಾಲ್ನಡಿಗೆಯಲ್ಲಿ ವಾಪಸು ಬಂದರು. ಗದ್ದುಗೆ ಏರುವಾಗ ಆ ಪ್ರಮಾಣವನ್ನೇ ತಮ್ಮನು ಕೈಯೆತ್ತಿ ಮಾಡಿದ ದಿನದಿಂದ ಅಕ್ಕ ಅವರೊಂದಿಗೆ ಮಾತು ಬಿಟ್ಟಿದ್ದಳು. ಆಗಲೇ ಹನ್ನೊಂದು ವರ್ಷವಾಗಿತ್ತು. ತೆಯೋ ವರ್ಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆಕೆ ಎತ್ತಿ, ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು. "ಸಾಯುವ ಮೊದಲು ಯಾರಾದರೂ ಒಬ್ಬರು ನನ್ನ ಮಾತು ಪೂರ್ತಿ ಕೇಳಬೇಕು" ಎಂದರು.

ಅವರು ಹೇಳಿದ್ದು ಇಷ್ಟು. ಮೊದಲ ಸಲ ಶಾಸಕರಾದಾಗ ಸಭೆಯಲ್ಲಿ ಅವರ ಭಾಷೆಗೆ ಅನುವಾದಕರೇ ಇರಲಿಲ್ಲ. ಅವರು ಎದ್ದು ಫ್ರೆಂಚಿನಲ್ಲಿ ಮಾತಾಡಿದರೆ ಉಳಿದವರು ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿಯುತ್ತಿದ್ದರು. ಅವರು ಪತ್ರಿಕೆಗಳಿಗೇ ಭಾಷಣ ಮಾಡಿದರು, ವರ್ಷಗಟ್ಟಲೆ. ಮಂತ್ರಿಯಾದಾಗ, ಸಾಯುವ ಮುದುಕಿಯೊಬ್ಬಳು ತನಗೆ ಎಲ್ಲಿ ನೋವು ಎಂದು ತನ್ನ ಮಾತಿನಲ್ಲೇ ಹೇಳಬಹುದಾದ ಆಸ್ಪತ್ರೆ ತಂದರು. ಗದ್ದುಗೆಯ ಪತ್ರ ಬಂದಾಗ ಮೂರು ವಾರ ಊಟ ಸೇರಲಿಲ್ಲ. ಕೊನೆಗೆ ಒಪ್ಪಿದರು, ಏಕೆಂದರೆ ಆ ಕುರ್ಚಿಯಲ್ಲಿ ಕೂತವನು ಮಾತಾಡುವಾಗ ಪತ್ರಿಕೆ ಬಿಡಿಸುವಂತಿಲ್ಲ. ಎಲ್ಲರೂ ಕೊನೆಯವರೆಗೂ ಕೂತು ಕೇಳಲೇಬೇಕು. ಮೊದಲ ಭಾಷಣವನ್ನು ಫ್ರೆಂಚಿನಲ್ಲೇ ಆರಂಭಿಸಿದರು, ಇಂಗ್ಲಿಷ್ ಆಮೇಲೆ.

"ಯಾರೂ ಎದ್ದು ಹೋಗ್ಲಿಲ್ಲೇನು?" ಅಜ್ಜ ಕೇಳಿದರು.

"ಏಳು ಮಂದಿ ಹೋದರು."

"ಆವಾಗ ನೀ ಏನ್ ಮಾಡ್ದಿ?"

"ಇನ್ನೂ ನಿಧಾನವಾಗಿ ಓದಿದೆ."

ನಾನು ಹೇಳಿ ಮುಗಿಸುವಷ್ಟರಲ್ಲಿ ಅಜ್ಜ ತೊಡೆ ತಟ್ಟಿಕೊಂಡು ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಮೇಲೆ, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ನಮ್ಮ ಸೀಮೆ ಮುಂಬಯಿ ಸರ್ಕಾರದ ಕೆಳಗಿದ್ದ ಕಾಲದಲ್ಲಿ ಅವರು ತಾಲೂಕು ಕಚೇರಿಯ ಕಾರಕೂನರು. ಕನ್ನಡದವರೆಲ್ಲ ಒಂದಾಗಬೇಕೆಂಬ ಚಳವಳಿ ಎದ್ದಾಗ ಗೆಳೆಯರು ನೌಕರಿ ಬಿಡು ಎಂದರು. "ನಾ ಬಿಡ್ಲಿಲ್ಲ. ಮುಂಬಯಿ ಆಳು ಅಂತ ಮಂದಿ ಉಗುಳಿದ್ರು. ನಾ ಒಳಗ ಕುಂತು ರೈತರ ಅರ್ಜಿಗೆಲ್ಲಾ ಕನ್ನಡದಾಗ ಷರಾ ಬರದೆ. ಸಾಹೇಬ ಹರದು ಒಗದ. ಮತ್ತ ಬರದೆ. ವರ್ಷದಾಗ ಮೂರು ಊರು ತಿರುಗಿಸಿದ್ರು." ಪ್ಲೋಯ್ ತಟ್ಟೆಯನ್ನು ಎಳೆದುಕೊಂಡರು. "ಹೇಳು ತೇಜಪ್ಪಗ. ಆಣಿ ಮಾಡಿದ್ದು ತಪ್ಪೋ ಒಪ್ಪೋ ನನಗ ಗೊತ್ತಿಲ್ಲ. ಖರೇ ಅಂವ ಆಳಲ್ಲ." ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ತೆಯೋ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆಗಸ್ಟ್ ಹದಿನೈದು ಅಕೇಡಿಯನ್ನರಿಗೂ ನಾಡಹಬ್ಬ ಎಂದು ತಿಳಿದದ್ದು ಅಂದೇ. ಆ ಸಂಜೆ ಅವರ ಊರುಗಳಲ್ಲಿ ಜನ ಪಾತ್ರೆ, ಮುಚ್ಚಳ, ಸೌಟು ಹಿಡಿದು ಬೀದಿಗಿಳಿದು ಕಿವಿ ಕಿತ್ತುಹೋಗುವಂತೆ ಬಡಿಯುತ್ತಾರೆ. ಆರಕ್ಕೆ ಐದು ನಿಮಿಷವಿದ್ದಾಗ ಶುರು. ಇಪ್ಪತ್ನಾಲ್ಕು ಗಂಟೆಯ ಗಡಿಯಾರದಲ್ಲಿ ಅದು ಹದಿನೇಳು ಐವತ್ತೈದು, ಗಡೀಪಾರಾದ ಇಸವಿ. ನಿಮ್ಮಿಂದ ನಾವು ಮುಗಿದುಹೋಗಲಿಲ್ಲ ಎಂದು ಹೇಳುವುದಕ್ಕೆ. ಟೊರೆನ್ಸಿನಲ್ಲಿ ಆಗ ಎರಡಕ್ಕೆ ಐದು ನಿಮಿಷ. ಅಜ್ಜ ಮೂರ್ತಿ ಅಂಕಲ್‌ಗೆ ಫೋನ್ ಹಚ್ಚಿಸಿದರು: ಶಾಲು ಬೇಡ, ಪೇಟ ಬೇಡ, ಪ್ರತಿಯೊಬ್ಬರೂ ಮನೆಯಿಂದ ಸ್ಟೀಲಿನ ತಾಟು ತರಬೇಕು. "ಅಜ್ಜಾವ್ರೇ, ಪಾರ್ಕಲ್ಲಿ ಸೌಂಡ್ ಮಾಡೋಕೆ ಪರ್ಮಿಟ್ ಇಲ್ಲ. ಪೊಲೀಸ್ ಬಂದ್ರೆ ನಮ್ಮ ಹುಡುಗರ ಗ್ರೀನ್ ಕಾರ್ಡ್ ಅಪ್ಲಿಕೇಶನ್ ಎಲ್ಲಾ ಪ್ರಾಬ್ಲಂ ಆಗುತ್ತೆ" ಎಂದು ಅವರು ಅಂಗಲಾಚಿದರು. "ನೀ ಕಿವಿ ಮುಚ್ಚಿಕೊಂಡು ನಿಂದ್ರು, ನಿನ್ನ ಹೆಸರು ಬರಂಗಿಲ್ಲ" ಎಂದರು ಅಜ್ಜ.

ಆಗಸ್ಟ್ ಹದಿನೈದರಂದು ಪಾರ್ಕಿನಲ್ಲಿ ಚಿತ್ರಾನ್ನದ ತಟ್ಟೆಗಳನ್ನು ನಲ್ಲಿಯಲ್ಲಿ ತೊಳೆದು, ಎರಡಕ್ಕೆ ಐದು ನಿಮಿಷವಿದ್ದಾಗ ಮೊದಲು ಬಡಿದವರು ಇಬ್ಬರೇ ಮುದುಕರು. ಜನ ಮುಖ ಮುಖ ನೋಡಿಕೊಂಡರು. ನಂತರ ಅಮ್ಮ ಎದ್ದರು. ಎರಡು ವರ್ಷ ತಲೆ ತಗ್ಗಿಸಿ ಶಾಪಿಂಗ್ ಮಾಡಿದ್ದ ಅಮ್ಮ, ಸೌಟಿನಿಂದ ತಾಟಿಗೆ ಹೊಡೆದ ಆ ಏಟು ನನಗೆ ಇವತ್ತಿಗೂ ಹೆಮ್ಮೆ. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಅಜ್ಜ "ಅದೀವಿ! ಇಲ್ಲೇ ಅದೀವಿ!" ಎಂದು ಕೂಗಿದರು, ತೆಯೋ "ಅದೀವಿ" ಎಂದರು, ನಾನು ಶಾಲೆಯ ಗೆಳತಿಯರಿಗೆ ಕೇಳಿಸಲಿ ಎಂದೇ ಗಂಟಲು ಹರಿದುಕೊಂಡೆ. ಮೂರ್ತಿ ಅಂಕಲ್ ಹಣ್ಣಿನ ಬುಟ್ಟಿಯ ತಳವನ್ನೇ ಬಡಿಯುತ್ತಿದ್ದರು. ಪಾರ್ಕಿನ ಅಧಿಕಾರಿಣಿ ಓಡಿಬಂದು ಇದು ಎಷ್ಟು ಹೊತ್ತು ಎಂದು ಕೇಳಿದಳು. ತೆಯೋ ಗದ್ದುಗೆಯಲ್ಲಿ ಕೂತವರಂತೆ ತಲೆಬಾಗಿ, "ಮೇಡಂ, ಇನ್ನೂರೈವತ್ತು ವರ್ಷವಾಯಿತು, ಇನ್ನು ಹತ್ತು ನಿಮಿಷ" ಎಂದರು. ಆಕೆ ಕೈಗಡಿಯಾರ ನೋಡಿ ಅಲ್ಲೇ ನಿಂತಳು. ಆ ಹತ್ತು ನಿಮಿಷದಲ್ಲಿ ತೆಯೋ ಮಗಳ ಸೆಲ್ ಫೋನಿನಿಂದ ಅಕ್ಕನಿಗೆ ಕರೆ ಮಾಡಿ, ಏನೂ ಮಾತಾಡದೆ ಫೋನನ್ನು ಗದ್ದಲದತ್ತ ಎತ್ತಿ ಹಿಡಿದರು. ಕೊಂಚ ಹೊತ್ತು ಕಳೆದ ಮೇಲೆ ಆಚೆಯಿಂದ ಇಟ್ಟ ಸದ್ದಾಯಿತು.

ಮುಂದಿನ ನಾಲ್ಕು ವರ್ಷವೂ ಇದು ನಡೆಯಿತು. ಎರಡು ಸಾವಿರದ ಎಂಟರ ವಸಂತದಲ್ಲಿ ತೆಯೋ ನಿದ್ದೆಯಲ್ಲೇ ಹೋದರು. ಅಪ್ಪನಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸವಾಗಿ ನಾವು ಆ ಮನೆ ಬಿಟ್ಟದ್ದು, ಅಜ್ಜ ಹೊಸ ಮನೆಯಲ್ಲಿ ಎರಡೇ ತಿಂಗಳು ಬದುಕಿದ್ದು, ಎಲ್ಲವೂ ಅದೇ ವರ್ಷ. ಬರೆಯುತ್ತಿರುವಾಗ ಕೂಡ ನನಗೆ ಆ ವರ್ಷದ ಮೇಲೆ ಸಿಟ್ಟು ಬರುತ್ತದೆ.

ತೆಯೋ ಮಣ್ಣಾದ ನಾಲ್ಕನೆಯ ದಿನ ಜೆರ್ಮೇನ್ ಬಂದಳು. ಎಂಬತ್ತೆಂಟು ವರ್ಷದ, ಕಡ್ಡಿಯಂಥ ಹೆಂಗಸು. ನೇರ ನಮ್ಮ ವರಾಂಡಕ್ಕೇ ಬಂದು, ತಮ್ಮನ ಜೊತೆ ತಟ್ಟೆ ಬಡಿದವರು ಯಾರು ಎಂದು ಕೇಳಿದಳು. ಅಜ್ಜ ಕುರ್ಚಿ ತೋರಿಸಿದರು. ಆಕೆ ಕೂತು, ತಡವರಿಸುವ ಇಂಗ್ಲಿಷಿನಲ್ಲಿ ಹೇಳಿದಳು: "ಅವನು ಗದ್ದುಗೆಯಲ್ಲಿದ್ದ ಅಷ್ಟೂ ವರ್ಷ ಭಾಷಣದ ದಿನ ನಾನು ರೇಡಿಯೋ ಹಾಕಿಕೊಂಡು ಕೂರುತ್ತಿದ್ದೆ. ಫ್ರೆಂಚ್ ಭಾಗ ಪೂರ್ತಿ ಕೇಳುತ್ತಿದ್ದೆ. ಇಂಗ್ಲಿಷ್ ಶುರುವಾದರೆ ಆರಿಸುತ್ತಿದ್ದೆ." ಹದಿನೈದು ವರ್ಷದ ಸೊಕ್ಕಿನಲ್ಲಿ ನಾನು ಕೇಳಿದೆ, ಹಾಗಾದರೆ ಕ್ಷಮಿಸಿದ್ದಿರಾ ಎಂದು. "ಇಲ್ಲ" ಎಂದಳು. "ಆದರೆ ಒಂದು ವರ್ಷವೂ ತಪ್ಪಿಸಲಿಲ್ಲ."

ನಾನು ಅಜ್ಜನಿಗೆ ಕನ್ನಡದಲ್ಲಿ ಹೇಳಿದೆ. ಅವರು ಆಕೆಯನ್ನೇ ನೋಡುತ್ತ, "ಕೇಳೀನಿ ಅಂತ ಒಂದ ಮಾತು ಅಂವಗ ಹೇಳಬೇಕಿತ್ತವ್ವಾ" ಎಂದರು. ಅದನ್ನು ಹಾಗೆಯೇ ದಾಟಿಸಿದೆ. ಪಕ್ಕದ ಮನೆಯ ಅಂಗಳದಲ್ಲಿ ರೋಸಲಿ ಅಪ್ಪನ ಬಟ್ಟೆಗಳನ್ನು ದಾನಕ್ಕೆ ಕೊಡಲು ಕಾರಿಗೆ ತುಂಬುತ್ತಿದ್ದಳು. ಜೆರ್ಮೇನ್ ಎದ್ದು ಹೋಗಿ, ಅವಳ ಕೈಯಿಂದ ಒಂದು ಹಳೆಯ ಉಣ್ಣೆಯ ಕೋಟನ್ನು ಕಿತ್ತುಕೊಂಡು, ಆ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.